ಹಿತ್ತಲ ಖೋಲಿಯ ಸೈಡರು

ಊಟಕ್ಕೆ ಕರೆದವರ ಮನೆಯಲ್ಲೇ ಪಂಕ್ತಿಯಲ್ಲಿ ಕೂತು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹೆಂಗಸು ಸಿಂದಗಿಯಲ್ಲಿ ಒಬ್ಬಳೇ ಇದ್ದಾಳೆ. ಅದು ನಾನು, ವರದಾ. ನಮ್ಮ ಕಡೆ ಯಾರೂ ಹಾಗೆ ಮಾಡುವುದಿಲ್ಲ. ಕೊಟ್ಟದ್ದನ್ನು ತಿಂದು, ಭಾಳ ಛಲೋ ಆಗೇದರಿ ಎಂದು ಹೇಳಿ, ಎಲೆ ಅಡಿಕೆ ಹಾಕಿಕೊಂಡು, ಮುಖ ಸಿಂಡರಿಸುವುದಿದ್ದರೆ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಸಿಂಡರಿಸಬೇಕು. ಒಬ್ಬರ ಮನೆಯ ಪದಾರ್ಥಕ್ಕೆ ಹೆಸರಿಡುವುದೆಂದರೆ ಆ ಮನೆತನಕ್ಕೇ ಹೆಸರಿಟ್ಟ ಹಾಗೆ. ನನಗೆ ಆ ನಾಟಕ ಆಗುವುದಿಲ್ಲ. ಹೊಗಳಿಸಿಕೊಳ್ಳಬೇಕೆನ್ನುವವರು ಬೇರೆ ಯಾರನ್ನಾದರೂ ಕರೆಯಲಿ.

ಇಂಥ ನನ್ನ ಮನೆಯ ಹಿತ್ತಲಲ್ಲೇ ಎರಡು ವರ್ಷದಿಂದ ಸೇಬುಹಣ್ಣು ಕೊಳೆಯುತ್ತಿತ್ತು. ಕೊಳೆಸುತ್ತಿದ್ದವರು ನನ್ನ ಗಂಡ ಸುಧೀರ.

ನಮ್ಮವರು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು. ಕೆಮ್ಮಿನ ಔಷಧದಲ್ಲಿ ಸ್ಪಿರಿಟ್ ಇದೆಯೇನೋ ಎಂದು ಬಾಟಲಿಯ ಮೇಲಿನ ಸಣ್ಣಕ್ಷರ ಓದಿ ನೋಡುತ್ತಿದ್ದ ವೈಷ್ಣವರ ಮನೆಯ ಮನುಷ್ಯ. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಇವರ ತಂಗಿ ಇದ್ದಾಳೆ, ಅವಳ ಗಂಡ ಅಲ್ಲಿ ಡಾಕ್ಟರು. ಅವಳಿಗೆ ಮೊಣಕಾಲಿನ ಆಪರೇಶನ್ ಆದಾಗ ಆಸರೆಗೆಂದು ಹೋದವರು ಚಳಿ ಹಿಡಿಯುವವರೆಗೂ ಅಲ್ಲೇ ಉಳಿದರು. ಹೋಗುವಾಗ ಸಂಧ್ಯಾವಂದನೆಯ ಪಂಚಪಾತ್ರೆ ಕಟ್ಟಿಕೊಂಡು ಹೋಗಿದ್ದರು. ಬರುವಾಗ ಸೂಟಕೇಸಿನಲ್ಲಿ, ಒಗೆಯದ ಬನಿಯನ್ನುಗಳ ನಡುವೆ ಸುತ್ತಿಟ್ಟ ಒಂದು ದಪ್ಪ ಬೀರಿನ ಗ್ಲಾಸು ಬಂತು. ಅದನ್ನು ನಾನು ಚಿಮಟದಲ್ಲಿ ಹಿಡಿದು ಹಿತ್ತಲಿಗೆ ಇಟ್ಟೆ.

ಆ ಹಳ್ಳಿಯಲ್ಲಿ ನೇಗಿಲು ಎಂಬ ಹೆಸರಿನ ಒಂದು ಪಬ್ ಇದೆಯಂತೆ. ಅಲ್ಲಿನ ಮುದುಕರು ದಿನಾ ಸಂಜೆ ಇವರನ್ನು ಕರೆದುಕೊಂಡು ಹೋಗಿ ಬಿಟರು, ಮೈಲ್ಡು, ಸ್ಟೌಟು ಎಂಬ ಬೀರುಗಳನ್ನು, ಸೇಬಿನ ರಸ ಹುಳಿಸಿ ಮಾಡಿದ ಸೈಡರನ್ನು ಒಂದೊಂದಾಗಿ ಕುಡಿಸಿ ಪಾಠ ಮಾಡಿದರಂತೆ. ಇವರು ಊರಿಗೆ ಬಂದರೂ ಪಾಠ ನಿಲ್ಲಲಿಲ್ಲ, ಫೋನಿನಲ್ಲಿ ಆ ಮುದುಕರದೊಂದು ಗುಂಪಿದೆ. ಈ ವಾರ ಯಾರು ಯಾವುದನ್ನು ಕುಡಿಯಬೇಕು ಎಂದು ಒಬ್ಬರಿಗೊಬ್ಬರು ಶಿಫಾರಸು ಮಾಡುತ್ತಾರೆ. ನಮ್ಮವರು ಅದನ್ನು ನಾನು ಪಲ್ಯ ಹೆಚ್ಚುವಾಗ ಎದುರಿಗೆ ಕೂತು ಕನ್ನಡದಲ್ಲಿ ಓದುತ್ತಿದ್ದರು. ಈ ಸ್ಟೌಟಿಗೆ ಸುಟ್ಟ ರೊಟ್ಟಿಯ ಅಂಚಿನ ರುಚಿ ಇದೆ. ಈ ಬಿಟರು ಮಳೆಯಲ್ಲಿ ನೆನೆದ ಚರ್ಮದ ಚೀಲದ ಹಾಗಿದೆ. ಈ ಸೈಡರಿನಲ್ಲಿ ಕುದುರೆಯ ಮೇಲೆ ಹೊದಿಸಿದ ಕಂಬಳಿಯ ವಾಸನೆ ಬರುತ್ತದೆ, ತಪ್ಪದೇ ಕುಡಿಯಿರಿ.

"ಕಂಬಳಿ ವಾಸನಿ ಬಂದ್ರ ನಾವು ಪಾತ್ರಿ ತಿಕ್ಕತೀವಿ," ಎಂದೆ. "ಇವರು ಒಬ್ಬರಿಗೊಬ್ಬರು ಕುಡೀ ಅಂತಾರೇನು?"

"ನಿನಗ ತಿಳಿಯೂದಿಲ್ಲ ವರದಾ. ಅದೊಂದು ಸಂಸ್ಕಾರ."

ಸಂಸ್ಕಾರವಂತೆ! ನನಗೆ ಮೈಯೆಲ್ಲ ಉರಿಯಿತು.

ಹೀಗೆ ಓದಿ ಓದಿ ಅವರಿಗೆ ತಾವೇ ಸೈಡರು ಮಾಡುವ ಹುಚ್ಚು ಹತ್ತಿತು. ಹಿತ್ತಲಲ್ಲಿ ಕಟ್ಟಿಗೆ ಒಟ್ಟುವ ಖೋಲಿ ಇತ್ತು. ಅದನ್ನು ಬಳಿದು, ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಗಳಲ್ಲಿ ಮೆತ್ತಗಾಗಿ ಉಳಿದ ಸಿಮ್ಲಾ ಸೇಬನ್ನು ಚೀಲಗಟ್ಟಲೆ ತಂದು ಅಲ್ಲಿ ಸುರುವಿದರು. ಹಣ್ಣು ಜಜ್ಜಿ, ರಸ ಹಿಂಡಿ, ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಟ್ಟರು. ಒಂದು ವಾರಕ್ಕೆ ಅದು ಗುಳುಗುಳು ಎನ್ನತೊಡಗಿತು. ಮೇಲೆ ಕಂದು ನೊರೆ, ತಳದಲ್ಲಿ ಬಾಯಿಹುಣ್ಣಿನ ಬಣ್ಣದ ರೊಜ್ಜು, ಬಾಗಿಲು ತೆರೆದರೆ ಮುಖಕ್ಕೇ ಬಡಿಯುವ ಸಣ್ಣ ನೊಣಗಳ ಹಿಂಡು. ಒಮ್ಮೆ ಕ್ಯಾನಿನೊಳಗೆ ಸಿಂಬಳದಂಥ ಲೋಳೆ ಕಟ್ಟಿತ್ತು. ಅದನ್ನು ಇವರು ಚಮಚದಿಂದ ಎತ್ತಿ ಬೆಳಕಿಗೆ ಹಿಡಿದು, ಹಸುಗೂಸನ್ನು ನೋಡುವಂತೆ ನೋಡುತ್ತಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಅತ್ತೆ ರುಕ್ಮಿಣೀಬಾಯಿಗೆ ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. "ಹಿತ್ತಲದಾಗ ಹೆಗ್ಗಣ ಸತ್ತದ ನೋಡ ವರದಾ," ಎಂದು ದಿನಾ ಧೂಪ ಹಾಕಿಸುತ್ತಿದ್ದರು. ಮಗ, "ವಿನೆಗಾರ ಮಾಡ್ಲಿಕತ್ತೀನಿ ಅವ್ವಾ, ಉಪ್ಪಿನಕಾಯಿಗೆ," ಎಂದು ಹೇಳಿಬಿಟ್ಟಿದ್ದರು. ಉಪ್ಪಿನಕಾಯಿಗೆ ವಿನೆಗಾರ ಹಾಕುವ ಮನೆಯೇ ನಮ್ಮದು? ಅತ್ತೆ ಅದನ್ನು ನಂಬಿದ್ದೇ ನನಗೆ ಆಶ್ಚರ್ಯ.

ರುಚಿ ನೋಡಲು ರವಿವಾರ ಸಂಜೆ ಇಬ್ಬರು ಬರುತ್ತಿದ್ದರು. ಒಬ್ಬ ಗುರಪ್ಪ, ಮಾರ್ಕೆಟ್ಟಿನಲ್ಲಿ ತೊಗರಿ ಖರೀದಿ ಮಾಡುವ ವ್ಯಾಪಾರಿ. ಇನ್ನೊಬ್ಬರು ವೆಂಕಟೇಶ ಮಾಸ್ತರು, ನಮ್ಮವರ ಜೊತೆ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು. ಬಾವಿಯ ಪಕ್ಕ ಬೇವಿನ ಗಿಡದ ಕೆಳಗೆ ಮೂರು ಕುರ್ಚಿ, ಒಂದು ತಾಟು ಚುರಮುರಿ. ನಮ್ಮವರು ಗ್ಲಾಸನ್ನು ಎತ್ತಿ, ಮೂಸಿ, ಬಾಯಿಗೆ ಹಾಕಿಕೊಂಡು ಹಲ್ಲು ತೊಳೆಯುವವರ ಹಾಗೆ ಗುಳುಗುಳಿಸಿ ನುಂಗುತ್ತಿದ್ದರು. ಉಳಿದಿಬ್ಬರೂ ಅದನ್ನೇ ಮಾಡಬೇಕು. ಅಡುಗೆಮನೆಯ ಕಿಟಕಿಯಿಂದ ಆ ಸಪ್ಪಳ ಕೇಳಿದರೆ ನಾನು ಮಿಕ್ಸರ್ ಹಚ್ಚಿಬಿಡುತ್ತಿದ್ದೆ.

ಹೋದ ಏಪ್ರಿಲ್‌ನಲ್ಲಿ ಇವರ ತಂಗಿ ಬಂದಾಗ ಅಲ್ಲಿಯ ಬೀರಿನ ಬಾಟಲಿಗಳನ್ನೇ ತಂದುಕೊಟ್ಟಳು. ಗುರಪ್ಪ ಅಂದು ಮೀಸೆ ತಿರುವಿಕೊಂಡು ಬಂದ. ಅಂತೂ ಖರೇ ಬೀರು ಸಿಕ್ಕಿತು ಎಂಬ ಖುಷಿ ಅವನಿಗೆ.

"ಫ್ರಿಜ್‌ನಾಗ ಇಟ್ಟೀರೇನ್ರಿ ಸರ?"

"ಫ್ರಿಜ್ಜಾ?" ನಮ್ಮವರು ಅವನನ್ನು ಕಾಪಿ ಹೊಡೆದು ಸಿಕ್ಕುಬಿದ್ದ ಹುಡುಗನನ್ನು ನೋಡುವಂತೆ ನೋಡಿದರು. "ಖರೇ ಬ್ರಿಟಿಷ್ ಬೀರು ಎಂದೂ ಥಂಡಾ ಮಾಡಬಾರದು ಗುರಪ್ಪ. ಖೋಲ್ಯಾಗ ಹೆಂಗ ಇರ್ತದ ಹಂಗ ಕುಡೀಬೇಕು. ಅದು ಶಾಸ್ತ್ರ."

ಆ ಶಾಸ್ತ್ರ ಬರೆದವರ ಖೋಲಿಯಲ್ಲಿ ಬೇಸಿಗೆಯಲ್ಲೂ ಸ್ವೆಟರು ಹಾಕುತ್ತಾರೆ. ನಮ್ಮ ಖೋಲಿ ಸಿಂದಗಿಯ ಏಪ್ರಿಲ್‌ನದು, ಮೇಲೆ ತಗಡು. ಬಾಟಲಿ ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಅರ್ಧ ನೊರೆಯಾಗಿ ಇವರ ಧೋತರದ ಮೇಲೆಯೇ ಹರಿಯಿತು. ಉಳಿದದ್ದನ್ನು ಮೂವರೂ ಚಹಾದ ಹಾಗೆ ಊದಿಕೊಂಡು ಕುಡಿದರು. ವೆಂಕಟೇಶ ಮಾಸ್ತರು ನುಂಗಿದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, "ಅಪರೂಪದ್ದದ ಸುಧೀರ," ಎಂದರು. ಗುರಪ್ಪ, "ಏಕ್ ನಂಬರ್ ಐತ್ರಿ," ಎನ್ನುತ್ತ ಎರಡನೇ ಗ್ಲಾಸನ್ನು ಇವರು ಅತ್ತ ತಿರುಗಿದಾಗ ದಾಸವಾಳದ ಬುಡಕ್ಕೆ ಸುರುವಿದ. ನಾನು ಕಿಟಕಿಯಿಂದ ನೋಡಿದೆ.

ಅವರು ಹೊರಟಾಗ ನಾನು ಮುಂಬಾಗಿಲ ಹಿಂದೆ ಇದ್ದೆ. ಗುರಪ್ಪ ಗಾಡಿಯ ಕಿಕ್ ಒದೆಯುತ್ತ, "ಥೂ ಥೂ, ಎತ್ತಿನ ಗಂಜಳಾ ಬಿಸಿ ಮಾಡಿ ಕೊಟ್ಟಂಗ ಐತಲ್ರಿ ಮಾಸ್ತರ!" ಎಂದ. ಮಾಸ್ತರು ರಸ್ತೆಯ ಬದಿಗೆ ಉಗುಳಿ, "ಸೈಡರು ಇದಕ್ಕಿಂತಾ ಹೊಲಸ ಇತ್ತೋ ಮಾರಾಯಾ," ಎಂದರು. ನಾನು ಬಾಗಿಲು ತೆರೆದು ಅವರ ಮುಂದೆಯೇ ನಿಂತೆ.

"ಇದನ್ನ ಒಳಗ ಕೂತಾಗ ಅವರ ಮುಂದ ಹೇಳಬೇಕಿತ್ತಲ್ಲರಿ?"

ಗುರಪ್ಪ ನಾಲಿಗೆ ಕಚ್ಚಿಕೊಂಡ. "ಅಕ್ಕಾರ, ಒಬ್ಬರ ಮನ್ಯಾಗ ಕುಂತು ಹೆಂಗ ಅನ್ನೂದ್ರಿ? ಸರಗ ಮನಸ್ಸಿಗೆ ಹತ್ತತೈತಿ."

"ಮನಸ್ಸಿಗೆ ಹತ್ತಲಿ. ಅಂದ್ರ ಬಿಡ್ತಾರ."

ಇಬ್ಬರೂ ಹಲ್ಲು ಕಿರಿದರು, ಮುಂದಿನ ರವಿವಾರ ಮತ್ತೆ ಬಂದರು. ಕುಡಿದರು, ಹೊಗಳಿದರು. ನನಗೆ ಆ ಸೈಡರಿಗಿಂತ ಈ ಇಬ್ಬರ ಮುಖ ಕಂಡರೆ ಹೆಚ್ಚು ಹೇಸಿಗೆಯಾಗುತ್ತಿತ್ತು. ಇವರ ಮಾತು ನಂಬಿ ನಮ್ಮವರು ಉಬ್ಬುತ್ತ ಹೋದರು. ಇಂಗ್ಲೆಂಡಿನ ಮುದುಕರಿಗೆ ಸಿಂದಗಿ ಸೈಡರು ಎಂದು ಶಿಫಾರಸು ಬರೆದು, ತಮ್ಮ ಕ್ಯಾನುಗಳ ಫೋಟೋ ಕಳಿಸಿದರು. ಅವರೂ ಅಲ್ಲಿಂದ ಹೆಬ್ಬೆರಳೆತ್ತಿದರು. ಕುಡಿಯದೇ ಹೊಗಳುವುದು ಇನ್ನೂ ಸುಲಭ ನೋಡಿ.

ಇಷ್ಟಕ್ಕೇ ನಿಂತಿದ್ದರೆ ನಾನು ಮೂಗು ಮುಚ್ಚಿಕೊಂಡು ಬಾಳುತ್ತಿದ್ದೆ. ಆದರೆ ಬಾಗೇವಾಡಿ ಕಡೆ ಇಂಗಳೇಶ್ವರದಲ್ಲಿ ಒಬ್ಬ ರೈತ ಬಿಸಿಲಿಗೆ ತಾಳುವ ಸೇಬು ಬೆಳೆದಿದ್ದಾನೆ ಎಂದು ದೀಪಾವಳಿಯ ಮುಂಚೆ ಯಾರೋ ಹೇಳಿದರು. ನಮ್ಮವರು ಬಸ್ಸು ಹತ್ತಿ ಹೋಗಿ ನೋಡಿ, ಒಂದು ಚೀಲ ಹಣ್ಣು ಹೊತ್ತುಕೊಂಡು ಬಂದರು. ಅದು ಹುಳಿ, ಒಗರು. ಅದೇ ಬೇಕಂತೆ. ಸಿಮ್ಲಾ ಹಣ್ಣು ಬರೀ ಸಿಹಿ, ಖರೇ ಸೈಡರಿಗೆ ಸ್ವಂತ ತೋಟವೇ ಆಗಬೇಕಂತೆ. ಸಸಿ ತರಲು ಮಾತು ಆಯಿತು. ಎಲ್ಲಿ ನೆಡುತ್ತೀರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೇಳಿದವನು ಬಂದಗಿಸಾಬ. ಲಚ್ಯಾಣದಲ್ಲಿ ನನ್ನ ನಿಂಬೆಯ ತೋಟ ನೋಡಿಕೊಳ್ಳುವವನು. ಒಂದು ಗುರುವಾರ ಅವನ ಫೋನು ಬಂತು.

"ಬಾಯಾರ, ಸೋಮಾರ ಜೆಸಿಬಿ ಬರ್ತೈತಿ, ಗಿಡಾ ಎಲ್ಲಾ ಕೀಳೂದೈತಿ ಅಂದ್ರು ಸರು. ಖರೇನೇನ್ರಿ? ಹೂವು ತುಂಬ್ಯಾವ್ರಿ ಗಿಡದಾಗ."

ಅವರ ಸೇಬಿಗೆ ಜಾಗ ಎಲ್ಲಿ ಎಂದು ಈಗ ತಿಳಿಯಿತು. ಆ ತೋಟ ನನ್ನ ಅಪ್ಪ ನನಗೆ ಕೊಟ್ಟದ್ದು. ಪಹಣಿಯ ಉತಾರದಲ್ಲಿ ಹೆಸರು ನನ್ನದು, ಆದರೆ ಅಲ್ಲಿ ಏನು ಬೆಳೆಯಬೇಕು ಎಂದು ನನ್ನನ್ನು ಕೇಳುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಮರುದಿನ ಇಂಡಿಗೆ ಬಸ್ಸು ಹಿಡಿದು, ಅಲ್ಲಿಂದ ಲಚ್ಯಾಣಕ್ಕೆ ಹೋದೆ. ಗಿಡಗಳ ನಡುವೆ ಹೋಗಿ ನಿಂತೆ. ಬಿಳಿ ಹೂವು, ಜೇನುಹುಳದ ಸಪ್ಪಳ, ಎರಡು ವರ್ಷದಿಂದ ಹೊಲಸು ನಾತವೇ ತುಂಬಿದ್ದ ಮೂಗಿಗೆ ಆ ಪರಿಮಳ. ನಾನು ಸಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಇವಕ್ಕೆ ಕೊಡದಿಂದ ನೀರು ಹಾಕಿದ್ದೇನೆ. ಸುಮ್ಮನೆ ಅತ್ತುಬಿಟ್ಟೆ. ಬಂದಗಿಸಾಬ ದೂರ ಸರಿದು ನಿಂತುಕೊಂಡ.

ಮನೆಗೆ ಬಂದು ಜಗಳ ತೆಗೆದೆ. ಜಗಳವೆಂದರೆ ಸಣ್ಣ ಜಗಳವಲ್ಲ, ಅತ್ತೆ ಜಪ ಬಿಟ್ಟು ಎದ್ದು ಬರುವಂಥ ಜಗಳ.

"ಯಾರಿಗೆ ಬೇಕಾಗೇದ ನಿಮ್ಮ ಸೈಡರು? ಆ ಇಬ್ಬರೂ ಹೊರಗ ಹೋಗಿ ಉಗುಳ್ತಾರ!"

"ಸುಳ್ಳು. ಗುರಪ್ಪ ಪ್ರತಿ ವಾರ ಎರಡೆರಡು ಗ್ಲಾಸ್ ಕುಡೀತಾನ."

"ದಾಸವಾಳ ಕುಡೀತದ!"

ಅವರು ನಕ್ಕರು. ಆ ನಗೆಗೆ ನನಗೆ ಇನ್ನಷ್ಟು ಸಿಟ್ಟು ಬಂತು. "ನೋಡು ವರದಾ, ಕುಡದವರು ಛಲೋ ಅಂತಾರ, ಕುಡೀದ ನೀ ಕೆಟ್ಟದ್ದು ಅಂತೀದಿ. ಇದು ಯಾವ ನ್ಯಾಯ? ಒಂದು ಗುಟುಕು ಕುಡದು ನೀ ಹೇಳು. ಕೆಟ್ಟದ ಅಂದೀ ಅಂದ್ರ ಅದೇ ಘಳಿಗ್ಗಿ ಜೆಸಿಬಿ ಬ್ಯಾಡ ಅಂತೀನಿ. ನೀ ಒಬ್ಬರ ಮಾರಿ ನೋಡಿ ಮಾತಾಡೋ ಹೆಂಗಸಲ್ಲ, ನಿನ್ನ ಮಾತಿನ ಮುಂದ ನಾ ಎರಡನೇ ಮಾತಾಡೂದಿಲ್ಲ."

ನಾನು ಕುಡಿಯುವುದಿಲ್ಲ ಎಂಬ ಧೈರ್ಯದಲ್ಲೇ ಅವರು ಹಾಗೆ ಅಂದದ್ದು. ಏಕಾದಶಿಗೆ ನೀರು ಸಹ ಎಣಿಸಿ ಕುಡಿಯುವ ಹೆಂಗಸು ಸೈಡರು ಕುಡಿದಾಳೆಯೇ?

ರವಿವಾರ ಬಂತು. ಅಂದು ಹೊಸ ಕ್ಯಾನಿನದರ ರುಚಿ ನೋಡುವವರಿದ್ದರು. ದೀಪಾವಳಿಗೆ ಹಾಕಿಟ್ಟ ರಸ, ಹಿಂದಿನವುಗಳ ಹಾಗೆ ಅವಸರ ಮಾಡದೇ ಇಷ್ಟು ದಿನ ಬಿಟ್ಟಿದ್ದರು. ಇಂಗಳೇಶ್ವರದ ರೈತ ಕೊಟ್ಟ ಹುಳಿ ಹಣ್ಣನ್ನೂ ಸ್ವಲ್ಪ ಕೂಡಿಸಿದ್ದರಂತೆ. ಏಪ್ರಿಲ್‌ನ ಬೀರಿನ ಪಾಡು ನೋಡಿದ್ದಕ್ಕೋ ಏನೋ, ಈ ಸಲ ಬಾಟಲಿಗಳಿಗೆ ತುಂಬಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಬಿಟ್ಟಿದ್ದರು. ಗುರಪ್ಪ, ಮಾಸ್ತರು ಬಂದು ಕೂತರು. ನಮ್ಮವರು ಗ್ಲಾಸಿಗೆ ಸುರುವಿದರು. ಇಬ್ಬರೂ ಒಂದೊಂದು ಗುಟುಕು ನುಂಗಿ, ಎಂದಿನ ಮುಖ ಮಾಡಿ, ಎಂದಿನದನ್ನೇ ಹೇಳಿದರು.

"ಅಪರೂಪದ್ದದ ಸುಧೀರ."

"ಏಕ್ ನಂಬರ್ ಐತ್ರಿ."

ನಾನು ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಬಂದೆ. ಕೈಯಲ್ಲಿ ನನ್ನ ಸ್ಟೀಲಿನ ಲೋಟ. ಅವರು ಬಾಯಿ ಹಚ್ಚಿದ ಗ್ಲಾಸನ್ನು ಮುಟ್ಟುವಷ್ಟು ನಾನಿನ್ನೂ ಕೆಟ್ಟಿರಲಿಲ್ಲ.

"ನನಗೂ ಹಾಕ್ರಿ," ಎಂದೆ.

ಗುರಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಕೃಷ್ಣಾ, ಏನಾತ ಈಕಿಗೆ!" ಎಂದರು. ನಮ್ಮವರು ನನ್ನ ಮುಖ ನೋಡಿದರು, ಲೋಟ ನೋಡಿದರು. ಆಮೇಲೆ ಹಾಕಿದರು. ನಾನು ದಿನಾ ನೀರು ಕುಡಿಯುವ ಹಾಗೆಯೇ, ತಲೆ ಹಿಂದಕ್ಕೆ ಮಾಡಿ, ಲೋಟವನ್ನು ತುಟಿಗೆ ತಾಗಿಸದೇ ಎತ್ತಿ ಸುರುವಿಕೊಂಡೆ. ಎತ್ತಿ ಕುಡಿದರೆ ನಾಲಿಗೆಗೆ ಬಿದ್ದದ್ದು ನೇರ ಗಂಟಲಿಗೆ ಇಳಿಯುತ್ತದೆ, ಉಗುಳಲು ಪುರಸೊತ್ತು ಇರುವುದಿಲ್ಲ. ವಾಂತಿಯಾಗುತ್ತದೆ, ಆಗಲಿ, ಎಲ್ಲರ ಮುಂದೆ ಆಗಲಿ ಎಂದುಕೊಂಡಿದ್ದೆ.

ಆಗಲಿಲ್ಲ.

ತಣ್ಣಗಿತ್ತು. ಮೊದಲು ಹುಳಿ, ನಮ್ಮ ನಾಲಿಗೆಗೆ ಗುರುತಿನ ಹುಳಿ. ಅದರ ಹಿಂದೆ ಮಾವಿನಕಾಯಿಯ ಸಿಪ್ಪೆಯಂಥ ಒಗರು. ನುಂಗಿದ ಮೇಲೆ, ಎಲ್ಲಾ ಮುಗಿಯಿತು ಎನ್ನುವಾಗ, ಒಳಗಿನಿಂದ ಹಣ್ಣಿನ ಪರಿಮಳ ಮೂಗಿಗೆ ಏರಿ ಬಂತು. ಸಿಹಿ ಎಲ್ಲೂ ಇರಲಿಲ್ಲ, ಆದರೆ ಸಿಹಿಯ ನೆನಪಿತ್ತು. ನಾನು ನಂಬಲಿಲ್ಲ. ಇನ್ನೊಂದು ಗುಟುಕು ಸುರುವಿಕೊಂಡು, ಈ ಸಲ ನುಂಗದೇ ಬಾಯಲ್ಲೇ ಹಿಡಿದೆ. ಅದೇ ರುಚಿ, ಮೊದಲಿಗಿಂತ ಚೆನ್ನಾಗಿ. ಅಯ್ಯೋ ದೇವರೇ, ಈ ಮನುಷ್ಯ ಮಾಡಿಬಿಟ್ಟಿದ್ದಾರೆ. ಈ ಕೂತ ಇಬ್ಬರಿಗೂ ಹಿಂದಿನ ಹೊಲಸಿಗೂ ಇದಕ್ಕೂ ಫರಕೇ ತಿಳಿದಿಲ್ಲ. ಅವರು ಕುಡಿಯುವ ಮೊದಲೇ ಏನು ಹೇಳಬೇಕೆಂದು ನಿರ್ಧಾರ ಮಾಡಿಕೊಂಡು ಬಂದವರು.

ಎರಡನೇ ಗುಟುಕು ಇನ್ನೂ ನನ್ನ ಬಾಯಲ್ಲೇ ಇತ್ತು. ಮೂವರೂ ನನ್ನನ್ನೇ ನೋಡುತ್ತಿದ್ದರು. ನಮ್ಮವರ ಕಣ್ಣು ಮದುವೆಯಾದ ಹೊಸದರಲ್ಲಿ ಹೇಗಿತ್ತೋ ಹಾಗಿತ್ತು. ಛಲೋ ಅದ ಎಂದರೆ ನಾಳೆ ಬೆಳಿಗ್ಗೆ ಲಚ್ಯಾಣಕ್ಕೆ ಜೆಸಿಬಿ ಬರುತ್ತದೆ, ಹೂ ತುಂಬಿದ ಗಿಡಗಳು ಬೇರು ಮೇಲಾಗಿ ಬೀಳುತ್ತವೆ.

ನಾನು ಅದನ್ನು ಬಾವಿಯ ಕಟ್ಟೆಯ ಮೇಲೆ ಉಗುಳಿದೆ.

"ಥೂ! ಮುಸುರಿ ನೀರು ಇದಕ್ಕಿಂತಾ ಛಲೋ ಇರ್ತದ. ಎಮ್ಮಿ ಮುಂದ ಇಟ್ರ ಎಮ್ಮಿ ಸುದ್ದಾ ಮೂಸೂದಿಲ್ಲ."

ಗುರಪ್ಪ ಮೊದಲು ಬಾಯಿ ಬಿಟ್ಟ, "ಇಲ್ಲರಿ ಅಕ್ಕಾರ, ಅಷ್ಟೇನಿಲ್ಲರಿ, ಛಲೋ ಐತಲ್ರಿ..."

"ಸಾಕು ಗುರಪ್ಪ," ಎಂದರು ನಮ್ಮವರು.

ಅಲ್ಲೇ ನಿಂತು ಜೆಸಿಬಿಯವನಿಗೆ ಫೋನು ಮಾಡಿದರು. ಬೇಡಪ್ಪಾ, ಬರಬೇಡ, ಇನ್ನು ಮುಂದೆಯೂ ಬೇಡ ಎಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಆಮೇಲೆ ಹಗ್ಗ ಜಗ್ಗಿ ಒಂದೊಂದೇ ಬಾಟಲಿ ಮೇಲೆತ್ತಿ, ಮುಚ್ಚಳ ತಿರುವಿ, ಗಟಾರಕ್ಕೆ ಸುರುವತೊಡಗಿದರು. ಹಿತ್ತಲೆಲ್ಲ ಹಣ್ಣಿನ ಪರಿಮಳ. ಒಂದಾದರೂ ಇಡಿ ಎನ್ನಲು ನನ್ನ ಬಾಯಿಗೆ ಬಂತು, ನುಂಗಿಕೊಂಡೆ. ಅತ್ತೆ ಮೂಗು ಏರಿಸಿ, "ಇವತ್ತ ಹೆಗ್ಗಣ ವಾಸನಿ ಇಲ್ಲಲ್ಲ?" ಎಂದರು. ನಾನು ಅವರನ್ನು ಒಳಗೆ ಕಳಿಸಿದೆ.

ಹೊರಡುವಾಗ ಗುರಪ್ಪ ಮುಂಬಾಗಿಲಲ್ಲಿ ನನಗೆ ಎರಡೂ ಕೈ ಮುಗಿದ.

"ಬದುಕಿಸಿದ್ರಿ ಅಕ್ಕಾರ. ನಮ್ಮಂತಾ ಹೇಡಿಗೋಳ ಕಡಿಂದ ಆಗೂ ಕೆಲಸ ಅಲ್ಲ ಇದು. ಖರೇ ಹೇಳಾಕ ನಿಮ್ಮಂತಾ ಬಾಯಿ ಬೇಕ್ರಿ."

ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಇಷ್ಟು ದಿನ ಅವನನ್ನು ಕಂಡರೆ ಬರುತ್ತಿದ್ದ ಹೇಸಿಗೆ ಈಗ ನನ್ನ ಮೇಲೆಯೇ ಬಂತು. ಅವನು ಒಬ್ಬ ಮನುಷ್ಯನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ. ನಾನು ನೋಯುತ್ತದೆ ಎಂದು ಗೊತ್ತಿದ್ದೇ ಹೇಳಿದೆ.

ಅಡುಗೆಮನೆಯಲ್ಲಿ ಹೋಗಿ ಕೂತೆ. ಬಾಯಿ ತೊಳೆಯಲಿಲ್ಲ. ನಾಲಿಗೆಯ ಮೇಲೆ ಆ ಒಗರು, ಆ ಪರಿಮಳ ಇನ್ನೂ ಇತ್ತು. ನಮ್ಮವರು ಕೈಕಾಲು ತೊಳೆದು ಒಳಗೆ ಬಂದರು. ಒಂದು ತಂಬಿಗೆ ನೀರು, ಇನ್ನೊಂದು ಕೈಯಲ್ಲಿ ಬೆಲ್ಲದ ಉಂಡೆ. ನನ್ನ ಎದುರಿಗೆ ನೆಲದ ಮೇಲೆಯೇ ಕೂತರು.

"ಬಾಯಿ ಮುಕ್ಕಳಿಸು. ಇಷ್ಟ ವರ್ಷದ ನೇಮ ನನ್ನ ಸಲುವಾಗಿ ಕೆಡಿಸಿಕೊಂಡಿ," ಎಂದರು. ತಂಬಿಗೆ ನನ್ನ ಕಡೆ ಸರಿಸಿ ಮತ್ತೆ ಅಂದರು, "ಖರೇ ಹೇಳಬೇಕಂದ್ರ, ಈ ಸಲ ಬರೋಬ್ಬರಿ ಆಗೇದ ಅಂತ ಅನಿಸಿತ್ತು ನನಗ. ಅಲ್ಲೀದರ ಹಂಗ, ಹುಬೇಹೂಬ. ನನ್ನ ನಾಲಿಗಿನ ನನಗ ಸುಳ್ಳು ಹೇಳೇದ ನೋಡು. ನೀ ಒಬ್ಬಾಕಿ ಇದ್ದಿ, ಪುಣ್ಯಾ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಅವರು ಬೆಲ್ಲ ಇಟ್ಟರು. ಅದು ಕರಗಿತು, ಸಿಂದಗಿಯಲ್ಲಿ ನಾವಿಬ್ಬರೇ ಕಂಡಿದ್ದ ಆ ರುಚಿ ನನ್ನ ನಾಲಿಗೆಯಿಂದ ಹೋಯಿತು.